ತಿನ್ನುವವರಿಲ್ಲದ ಮುದ್ದೆ

ನಂದಿಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ, ಜಗಲಿಯ ಮೇಲೆ ರೇಷ್ಮೆ ಸೀರೆ ಉಟ್ಟು ಮೈತುಂಬ ಒಡವೆ ಹೇರಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಎದುರಿಗೆ ಕ್ಯಾಮೆರಾ ಹಿಡಿದವನು, ಫೋಟೊದಲ್ಲಿ ನೀವೂ ಬರುತ್ತಿದ್ದೀರಿ, ಒಂಚೂರು ಒಳಗೆ ಹೋಗಿ ಎಂದ. ನಾನೇ ಬಾಡಿಗೆ ಹಿಡಿದ ಮನೆಯೊಳಕ್ಕೆ ತೆಪ್ಪಗೆ ಹಿಂದೆ ಸರಿದೆ.

ಬಾದಾಮಿಯವಳಾದ ನನಗೆ ಪ್ರವಾಸಿಗರು ಹೊಸಬರೇನಲ್ಲ. ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಎಷ್ಟು ಮಂದಿಯ ಫೋಟೊಗಳಲ್ಲಿ ಸೇರಿಹೋಗಿದ್ದೇನೋ. ಆದರೆ ಅಲ್ಲಿ ಬಂದವರು ಗುಹೆ ನೋಡಿ ತಮ್ಮ ದಾರಿ ಹಿಡಿಯುತ್ತಾರೆ. ಇಲ್ಲಿ ಬೆಟ್ಟ ಹತ್ತಿ ಇಳಿದವರಿಗೆ ಹಳೆಯ ಗುಡಿ, ಗುಡಿಯ ಬೀದಿ, ಬೀದಿಯ ಮನೆ, ಮನೆಯ ಅಡುಗೆ ಎಲ್ಲವೂ ಬೇಕು. ಊರವರದೂ ಎರಡು ಮನಸ್ಸು. ವಾರವೆಲ್ಲ ಕಾರುಗಳನ್ನು ಬೈಯುತ್ತಾರೆ. ಶನಿವಾರ ಬಂತೆಂದರೆ ದ್ರಾಕ್ಷಿ, ಸೀಬೆ ಹೊತ್ತು ಅದೇ ಕಾರುಗಳ ಪಕ್ಕ ನಿಲ್ಲುತ್ತಾರೆ.

ಇಲ್ಲಿನ ಶಾಲೆಗೆ ಟೀಚರಾಗಿ ಬಂದ ನನಗೆ ಮನೆ ಸಿಕ್ಕಿದ್ದೇ ಕಷ್ಟದಲ್ಲಿ. ಖಾಲಿಯಾದ ಮನೆಗಳೆಲ್ಲ ಹೋಂಸ್ಟೇ ಆಗುತ್ತಿದ್ದವು. ಓನರ್ ರತ್ನಮ್ಮ ಪಕ್ಕದ ಭಾಗದಲ್ಲೇ ಇದ್ದಾರೆ. ನನಗೆ ಹಿಟ್ಟು ತಿನ್ನಲು ಕಲಿಸಿದವರು ಅವರೇ. ನಮ್ಮ ಕಡೆ ಹಿಟ್ಟು ಎಂದರೆ ರೊಟ್ಟಿಗೆ ನಾದುವುದು. ಇಲ್ಲಿ ರಾಗಿಮುದ್ದೆಗೇ ಆ ಹೆಸರು, ಅದನ್ನು ಅಗಿಯದೆ ನುಂಗಬೇಕು. ಮೊದಲ ತುತ್ತು ಗಂಟಲಲ್ಲೇ ಕೂತು, ಅವ್ವನ ರೊಟ್ಟಿ ನೆನಪಾಗಿ ಕಣ್ಣು ತುಂಬಿತ್ತು. ಬರಬರುತ್ತ ನುಂಗಲು ಬಂತು, ಮನೆಯೂ ನನ್ನದೆನಿಸತೊಡಗಿತು.

ಅಷ್ಟರಲ್ಲಿ ರತ್ನಮ್ಮನಿಗೂ ಹೋಂಸ್ಟೇ ಆಸೆ ಹುಟ್ಟಿತು. ನನ್ನನ್ನು ಮನೆ ಬಿಡಿಸುವ ಮೊದಲು ಪರೀಕ್ಷೆ ಮಾಡಿ ನೋಡೋಣವೆಂದು ತಮ್ಮ ಮಹಡಿಯ ಕೋಣೆಗೆ ನಾಲ್ವರು ಪ್ರವಾಸಿಗರನ್ನು ಕರೆಸಿದರು. ಮತ್ತೆ ಮನೆ ಹುಡುಕುವುದನ್ನು ನೆನೆದೇ ನನಗೆ ಅನ್ನ ಸೇರಲಿಲ್ಲ.

ಬಂದವರು ಒಳ್ಳೆಯವರೇ. ರತ್ನಮ್ಮ ಮುದ್ದೆ ಕಟ್ಟುವುದನ್ನು ವಿಡಿಯೊ ಮಾಡಿಕೊಂಡರು, ಬಸ್ಸಾರಿನಲ್ಲಿ ಅದ್ದಿ ಚೆನ್ನಾಗಿ ಉಂಡರು. ಆಮೇಲೆ ವಿಡಿಯೊ ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ ಮಾಡಿ ಎಂದು ಕೇಳಿಕೊಂಡರು. ಪಾಪ, ರತ್ನಮ್ಮ ಮತ್ತೆ ಎಸರಿಟ್ಟು ಮಾಡಿದರು. ಹೊಟ್ಟೆ ತುಂಬಿದ್ದ ಅತಿಥಿಗಳು ಆ ಮುದ್ದೆಗಳನ್ನು ಮುಟ್ಟದೆ ಸ್ಕಂದಗಿರಿ ಬೆಟ್ಟ ಹತ್ತಲು ಹೊರಟುಹೋದರು.

ರತ್ನಮ್ಮ ತಟ್ಟೆ ಹಿಡಿದು ನನ್ನ ಬಾಗಿಲಿಗೆ ಬಂದರು.

“ತಿನ್ನೋರಿಲ್ದಿದ್ಮೇಲೆ ನಾನ್ಯಾಕಮ್ಮ ಹಿಟ್ಟು ತಿರುವ್ಲಿ? ನನ್ ಕೈಲಾಗಲ್ಲ ಇದೆಲ್ಲ. ನೀವೇ ಇರಿ ಟೀಚರಮ್ಮ.”

ಎದೆಯ ಮೇಲಿನ ಭಾರ ಇಳಿದು ನಗು ಬಂತು. ನನ್ನದೂ ಊಟವಾಗಿತ್ತು, ಆದರೂ ಅವರೆದುರೇ ಕೂತು ಒಂದು ಮುದ್ದೆ ಪೂರ್ತಿ ನುಂಗಿದೆ.

ಮೊನ್ನೆ ಗುಡಿಗೆ ದಾರಿ ಕೇಳಿದ ದಂಪತಿ, ನೀವು ಈ ಊರಿನವರೇನಾ ಎಂದು ವಿಚಾರಿಸಿದರು. ಹೌದೆನ್ನಲೋ ಅಲ್ಲವೆನ್ನಲೋ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ರತ್ನಮ್ಮನೇ ಉತ್ತರ ಕೊಟ್ಟರು:

“ಅವ್ರ ಊರು ಬಾದಾಮಿ ಕಣಪ್ಪ. ಮನೆ ಇದೇ.”