ತುಂಬಿದ ಕೊಡಗಳ ಸುದ್ದಿ

1997ರ ನನ್ನ ಡೈರಿಯಲ್ಲಿ ಮಾರ್ಚ್ 12ರ ಪುಟ: ‘ನಂಜನಗೂಡಿನಲ್ಲಿ ಖಾಲಿ ಕೊಡ ಪ್ರದರ್ಶನ. ಒಂಬತ್ತು ಹೆಂಗಸರು.’

ನರಸೀಪುರದ ರಸ್ತೆಯಲ್ಲಿರುವ ನಮ್ಮೂರಿನ ಬೋರ್‌ವೆಲ್ ಮೋಟರ್ ಸುಟ್ಟು ತಿಂಗಳಾಗಿತ್ತು. ಮೂರು ಅರ್ಜಿ ನಾನೇ ಬರೆದಿದ್ದೆ. ಪ್ರತಿಗಳು ಈಗಲೂ ಇವೆ. ಪೇಪರಿನಲ್ಲಿ ಬಂದರೇ ಕೆಲಸವಾಗುವುದೆಂದು ವರದಿಗಾರನಿಗೆ ಹೇಳಿಕಳಿಸಿ, ಎಲ್ಲರನ್ನೂ ತಾಲ್ಲೂಕು ಕಚೇರಿಯ ಮುಂದೆ ಸಾಲಾಗಿ ನಿಲ್ಲಿಸಿದೆ.

ಅವನು ಕ್ಯಾಮೆರಾ ಎತ್ತಿದವನು ಇಳಿಸಿದ. “ಅಮ್ಮಾ, ಕೊಡಗಳೆಲ್ಲ ತುಂಬಿವೆಯಲ್ಲ!”

ತಿರುಗಿ ನೋಡಿದೆ. ಕಚೇರಿ ಅಂಗಳದ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ತಿಂಗಳಿಂದ ನೀರಿಗೆ ಅಲೆದವರು ಬಿಡುತ್ತಾರೆಯೇ?

“ಕೊಡದ ಒಳಗಿರೋದು ಫೋಟೋದಲ್ಲಿ ಕಾಣುತ್ತೇನಪ್ಪ? ಖಾಲಿ ಅಂತಲೇ ಬರಿ,” ಎಂದೆ.

“ನಾನು ಕಂಡಿದ್ದೀನಲ್ಲಮ್ಮ. ಬೇಕಾದ್ರೆ ಚೆಲ್ಲಿಬಿಡಿ, ಆಗ ಖಾಲಿ ಅಂತ ಬರೀತೀನಿ. ಬೇಗ, ಮೈಸೂರು ಬಸ್ಸಲ್ಲಿ ಸುದ್ದಿ ಕಳಿಸಬೇಕು.”

“ನೀರ್ ಚೆಲ್ಲಾದಾ? ನಿನ್ ಪೇಪರ್ರೇ ಬ್ಯಾಡ, ಓಗಪ್ಪ!” ಎಂದು ನೆರೆಮನೆಯ ಪುಟ್ಟಮ್ಮ ಕೊಡ ತಬ್ಬಿಕೊಂಡಳು.

ಮೊದಲು ನಕ್ಕವನು ಅವನೇ. ಆಮೇಲೆ ನಾವೆಲ್ಲ ನೀರು ತುಳುಕುವಷ್ಟು ನಕ್ಕೆವು. ಅವನು ಆ ನಗುವನ್ನೇ ಫೋಟೋ ತೆಗೆದು, ನಡೆದದ್ದನ್ನು ನಡೆದಂತೆ ಗೀಚಿ, ಹೊರಟಿದ್ದ ಬಸ್ಸಿನ ಹಿಂದೆ ಓಡಿದ.

‘ನೀರು ಕೇಳಲು ಬಂದು ಕಚೇರಿಯಲ್ಲೇ ತುಂಬಿಕೊಂಡರು’ ಎಂದು ಅಚ್ಚಾಯಿತು. ಓದಿದವರೆಲ್ಲ ನಕ್ಕರು. ನಾಲ್ಕನೇ ದಿನ ಹೊಸ ಮೋಟರ್ ಬಂತು.

ಖರ್ಚು: ವಾಪಸ್ ಬರುವಾಗ ಒಂಬತ್ತು ಕೊಡಗಳಿಗೆ ಲಗೇಜ್ ಟಿಕೆಟ್, ಹದಿನೆಂಟು ರೂಪಾಯಿ. ಖಾಲಿಯಾಗಿದ್ದರೆ ಸುಮ್ಮನೆ ಬಿಡುತ್ತಿದ್ದನಂತೆ ಕಂಡಕ್ಟರ್.