ಕಾಕಾ ಖೋ ಅಂದಿರಲಿಲ್ಲ

ಮೊನ್ನೆ ಮುಧೋಳದ ಮೈದಾನದಲ್ಲಿ ಮಗಳ ಖೋಖೋ ಆಟ ನೋಡುತ್ತ ಕೂತಿದ್ದೆ. ಹಿಂದೆ ಬೇವಿನ ಗಿಡದ ನೆರಳಿಗೆ ನಿಲ್ಲಿಸಿದ್ದ ಜೀಪಿನ ಸುತ್ತ ನಾಲ್ಕೈದು ಮಂದಿ ಅಪ್ಪಂದಿರು ಸೇರಿದ್ದರು. ಕೈಯಲ್ಲಿ ಕಾಗದದ ಲೋಟ. ಅದರಲ್ಲಿ ಏನಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಲ್ಲೊಬ್ಬ ಲವಂಗ ಅಗಿಯುತ್ತ ನನ್ನ ಪಕ್ಕದಿಂದ ಹಾದು ಆಟದ ಅಂಕಣದ ಗೆರೆಯ ಹತ್ತಿರ ಹೋಗಿ ನಿಂತ. ಸಾರಾಯಿಯೂ ಲವಂಗವೂ ಕೂಡಿದ ಆ ವಾಸನೆ... ಪಕ್ಕದಲ್ಲಿ ಕೂತಾಕೆ ಮೂಗಿಗೆ ಸೆರಗು ಹಿಡಿದಳು. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ.

ಅದು ನನ್ನ ಗೆಳತಿಯ ಅಪ್ಪನ ವಾಸನೆ. ಇಪ್ಪತ್ತೈದು ವರ್ಷದ ಹಿಂದೆ ರಬಕವಿಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಮನೆಯಲ್ಲೇ ಎರಡು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದರು. ನಾನು ಕಾಕಾ ಎಂದು ಕರೆಯುತ್ತಿದ್ದೆ. ಗೆಳತಿಯೂ ನಾನೂ ಹೈಸ್ಕೂಲಿನ ಖೋಖೋ ತಂಡದಲ್ಲಿದ್ದೆವು. ಆಟ ಇದ್ದ ದಿನ ಕಾಕಾ ಮಗ್ಗ ನಿಲ್ಲಿಸಿ, ತಲೆಗೆ ಹತ್ತಿದ ನೂಲಿನ ಧೂಳನ್ನೂ ಕೊಡವದೆ ಬಂದುಬಿಡುತ್ತಿದ್ದರು. ಬಗಲಲ್ಲಿ ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ಸ್ ಬಾಟಲಿ. ಅದರಲ್ಲಿ ಅರ್ಧ ಸಾರಾಯಿ ಎಂಬುದು ಡ್ರಿಲ್ ಮಾಸ್ತರರಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಲವಂಗ ಅಗಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಂಬಿದ್ದವರು ಕಾಕಾ ಒಬ್ಬರೇ.

ಯಾಕೆ ಕುಡಿದು ಬರುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಗುಟ್ಟು ಬಯಲಾಯಿತೆಂದು ಪೆಚ್ಚಾದರೂ ಸಣ್ಣವಳ ಅಧಿಕಪ್ರಸಂಗ ಎಂದು ಬೈಯಲಿಲ್ಲ.

"ಕುಡೀಲಿಲ್ಲಂದ್ರ ನೋಡಾಕ ಆಗೂದಿಲ್ಲವಾ. ಆಕಿ ಓಡಾಕತ್ತಿದ್ಲಂದ್ರ ನನ್ನ ಎದಿ ಢವ ಢವ ಅಂತೈತಿ" ಎಂದರು.

ಗೆಳತಿಗೆ ಅಪ್ಪ ಬಂದರೆ ನಾಚಿಕೆ. ನನಗೆ ಹೊಟ್ಟೆಕಿಚ್ಚು. ಇಷ್ಟು ವಯಸ್ಸಾದ ಮೇಲೆ ಮುಚ್ಚಿಡುವುದೇನಿದೆ, ಹೊಟ್ಟೆಕಿಚ್ಚೇ. ನನ್ನ ಅಪ್ಪ ಬನಹಟ್ಟಿಯಲ್ಲಿ ಅರಿವೆ ಅಂಗಡಿ ಇಟ್ಟವರು. ಹಣೆತುಂಬ ವಿಭೂತಿ, ಎದುರಾದವರೆಲ್ಲ ನಮಸ್ಕಾರ ಮಾಡುವ ಮನುಷ್ಯ. ಚಹಾ ಬಿಟ್ಟರೆ ಬೇರೇನೂ ತುಟಿಗೆ ತಾಗಿಸಿದವರಲ್ಲ. ನನ್ನ ಆಟಕ್ಕೂ ಒಮ್ಮೆ ಬಂದವರಲ್ಲ. ಕರೆದರೆ, ಅಂಗಡಿ ಯಾರು ನೋಡಿಕೊಳ್ಳಬೇಕು ಎಂದು ಕೇಳುತ್ತಿದ್ದರು. ಊರಿಗೆಲ್ಲ ನನ್ನಪ್ಪ ಛಲೋ ಅಪ್ಪ, ಅವಳಪ್ಪ ಕುಡುಕ ಅಪ್ಪ. ಆದರೆ ಗೆರೆಯ ಮೇಲೆ ನಿಂತವರು ಯಾರು?

ಕಾಕಾ ಶೇಂಗಾ ಚಿಕ್ಕಿ ತಂದರೆ ನಮ್ಮಿಬ್ಬರಿಗೂ ಸರಿಯಾಗಿ ಮುರಿದು ಕೊಡುತ್ತಿದ್ದರು. ಆಟ ಶುರುವಾದರೆ ಮಾತ್ರ ನಾನು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. "ಹಿಡಿ ನನ್ನವ್ವಾ, ಹಿಡಿ" ಎಂಬ ಆ ದೊಡ್ಡ ಕೂಗು ಮಗಳೊಬ್ಬಳಿಗೇ. ನಾನು ಒಂದೇ ಆಟದಲ್ಲಿ ಮೂವರನ್ನು ಔಟ್ ಮಾಡಿದ ದಿನವೂ ಅವರು ಬಾಟಲಿಯ ಮುಚ್ಚಳ ತಿರುವುತ್ತ ಕೂತಿದ್ದರು. ಅಂದು ರಾತ್ರಿ ನನಗೆ ಊಟ ಸೇರಿರಲಿಲ್ಲ.

ಅದೇ ವರ್ಷ ಜಮಖಂಡಿಯಲ್ಲಿ ತಾಲೂಕು ಮಟ್ಟದ ಫೈನಲ್. ಕಾಕಾ ಬಸ್ಸು ಹಿಡಿದು ಅಲ್ಲಿಗೂ ಬಂದರು. ಇನ್ನೊಬ್ಬಳನ್ನು ಔಟ್ ಮಾಡಿದರೆ ಗೆದ್ದಂತೆ. ಉಳಿದದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಗೆಳತಿ ಬೆನ್ನಟ್ಟಿದ್ದಳು, ನಾನು ಸಾಲಿನಲ್ಲಿ ಕೂತಿದ್ದೆ. ಓಡುವವಳು ನನ್ನ ಮುಂದೆಯೇ ಬಂದಳು. "ಹಿಡಿ ನನ್ನವ್ವಾ" ಎಂದು ಕಾಕಾ ಕೂಗಿದರು. ಗೆಳತಿ ಬಂದು ನನ್ನ ಬೆನ್ನು ಮುಟ್ಟಿ ಖೋ ಎನ್ನುವವರೆಗೆ ನಾನು ಏಳುವಂತಿರಲಿಲ್ಲ. ಎದ್ದುಬಿಟ್ಟೆ. ಇವಳನ್ನು ನಾನು ಹಿಡಿಯಬೇಕು, ಆ ಕೂಗು ಒಮ್ಮೆಯಾದರೂ ನನಗೆ ಸಿಗಬೇಕು... ಅಷ್ಟೇ ತಲೆಯಲ್ಲಿದ್ದದ್ದು. ಫೌಲ್ ಆಯಿತು. ಗೆಳತಿ ಹಿಂದೆ ತಿರುಗಬೇಕಾಯಿತು, ಓಡುವವಳು ತಪ್ಪಿಸಿಕೊಂಡಳು, ವೇಳೆ ಮುಗಿದ ಸೀಟಿ ಊದಿದರು. ಸೋತೆವು.

ಡ್ರಿಲ್ ಮಾಸ್ತರರು ನನ್ನ ಮುಂದೆ ಬಂದು ನಿಂತು, ಖೋ ಕೊಡುವ ಮೊದಲೇ ಯಾಕೆ ಎದ್ದೆ ಎಂದು ಕೇಳಿದರು. ತಂಡದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಕಾಕಾ ಖೋ ಅಂತ ಒದರಿದ್ರು ಸರ. ನಾ ಅದ ಕೇಳಿ ಎದ್ದೆರಿ" ಎಂದೆ.

ಮಾಸ್ತರರು ಸಿಟ್ಟಿನಿಂದ ಗೆರೆಯ ಕಡೆ ಹೋದರು. ಖೋ ಎಂದು ಕೂಗಿ ಆಟ ಕೆಡಿಸಿದಿರಿ, ಇನ್ನು ಮುಂದೆ ಮೈದಾನಕ್ಕೆ ಕಾಲಿಡಬಾರದು ಎಂದು ಎಲ್ಲರ ಎದುರಿಗೇ ಹೇಳಿದರು. ಕಾಕಾ ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಬರಲಿಲ್ಲ. ಕೈಯಲ್ಲಿದ್ದ ಬಾಟಲಿ ನೋಡಿದರು, ಆಮೇಲೆ ಮಗಳನ್ನು ನೋಡಿದರು. "ನಾ ಹಂಗ ಅಂದ್ನೇನವಾ?" ಎಂದು ಕೇಳಿದರು. ಓಡಿ ಓಡಿ ಏದುಸಿರು ಬಿಡುತ್ತಿದ್ದ ಗೆಳತಿಗೆ ಏನು ಕೇಳಿಸಿತ್ತೋ ಏನೋ, ತಲೆ ತಗ್ಗಿಸಿದಳು. ತಾನು ಏನು ಕೂಗಿದೆ ಎಂಬುದು ಅವರಿಗೇ ಖಾತ್ರಿ ಇರಲಿಲ್ಲ. ಕುಡಿದಿದ್ದರಲ್ಲ, ನನ್ನ ಮಾತನ್ನೇ ನಂಬಿಬಿಟ್ಟರು.

ಮರುದಿನ ಮುಂಜಾನೆ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಲವಂಗದ ವಾಸನೆ ಇರಲಿಲ್ಲ, ತಲೆ ಬಾಚಿದ್ದರು. "ನನ್ನ ಬಾಯಿಂದ ನಿನ್ನ ಆಟ ಕೆಡ್ತವಾ. ತಪ್ಪಾತು" ಎಂದರು. ನಾನು ತಲೆಯಾಡಿಸಿ ಒಳಗೆ ಹೋದೆ.

ಅಲ್ಲಿಂದ ಅವರು ಯಾವ ಆಟಕ್ಕೂ ಬರಲಿಲ್ಲ. ಕುಡಿಯುವುದನ್ನೇನೂ ಬಿಡಲಿಲ್ಲ, ಮನೆಯಲ್ಲೇ ಕುಡಿದು ಕೂಡುತ್ತಿದ್ದರಂತೆ. ಆಟದ ನಡುವೆ ಗೆಳತಿ ಒಮ್ಮೊಮ್ಮೆ ಗೆರೆಯ ಕಡೆ ನೋಡುತ್ತಿದ್ದಳು. ಅಪ್ಪ ಬಂದರೆ ನಾಚುತ್ತಿದ್ದವಳು! ಈಗ ಇಬ್ಬರೂ ಸಮ ಎಂದು ಒಂದೆರಡು ದಿನ ನನಗೆ ಹಿತವೆನಿಸಿದ್ದೂ ಸುಳ್ಳಲ್ಲ. ಮುಂದಿನ ವರ್ಷ ಅವಳು ತಂಡವನ್ನೇ ಬಿಟ್ಟಳು.

ಕಾಕಾ ಹೋಗಿ ಈಗ ಮೂರು ವರ್ಷ. ಆಗ ಗೆಳತಿಯನ್ನು ಮಾತಾಡಿಸಿ ಬರಲು ಅವರ ಮನೆಗೆ ಹೋಗಿದ್ದೆ. ಮಗ್ಗಗಳನ್ನು ಮಾರಿದ್ದರು, ನೆಲದಲ್ಲಿ ಅವುಗಳ ಗುರುತಷ್ಟೇ ಉಳಿದಿತ್ತು. ಗೆಳತಿ ನನ್ನ ಕೈ ಹಿಡಿದುಕೊಂಡು, "ಕಡೀತನಕಾ ನಿನ್ನ ನೆನಸ್ತಿದ್ದ ನೋಡ ಅಪ್ಪ. ಆ ಹುಡಿಗಿ ಆಟ ನಾ ಕೆಡಿಸಿದ್ನಿ ಅಂತಿದ್ದ" ಎಂದಳು.

ಆಗಲಾದರೂ ಹೇಳಬಹುದಿತ್ತು. ಕಾಕಾ ಖೋ ಅಂದಿರಲಿಲ್ಲ ಎಂಬ ಒಂದು ಮಾತು, ಅಷ್ಟೇ. ಹೆದರಿ ಸುಮ್ಮನಾದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕಡೆಯತನಕ ನನ್ನನ್ನು ನೆನೆದರು ಎಂಬ ಮಾತು ನನಗೆ ರುಚಿಸಿತ್ತು. ಖರೆ ಹೇಳಿದರೆ ಅದೂ ಕೈತಪ್ಪುತ್ತದೆ, ಕಾಕಾ ಪೂರ್ತಿಯಾಗಿ ಅವಳೊಬ್ಬಳ ಅಪ್ಪನಾಗಿಬಿಡುತ್ತಾರೆ... ಸಾವಿನ ಮನೆಯಲ್ಲಿ ಕೂತೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಹೇಳದೆ ಎದ್ದು ಬಂದೆ.

ಮುಧೋಳದಲ್ಲಿ ಆಟ ಮುಗಿಯಿತು. ಲವಂಗದ ಮನುಷ್ಯ ಗೆರೆಯ ಮೇಲೆ ತೂರಾಡುತ್ತಲೇ ತನ್ನ ಮಗಳಿಗೂ ಉಳಿದ ಹುಡುಗಿಯರಿಗೂ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದ. ನನ್ನ ಮಗಳು ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

"ಆ ಕಾಕಾ ಎಷ್ಟ ಛಂದ ಒದರ್ತಿದ್ರು ನೋಡವಾ. ನೀ ಯಾಕ ಸುಮ್ಮ ಕುಂತಿದ್ದಿ?" ಎಂದು ಕೇಳಿದಳು.

ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕುಡಿಯುತ್ತ ಅವನ ಕಡೆಯೇ ನೋಡುತ್ತಿದ್ದಳು.