ಮುಂದಿನ ಗಾಲಿಯ ಭಯ

ವಿರುಪಮ್ಮನಿಗೆ ಗಾಡಿ ಓಡಿಸಲು ಕಲಿಸಿದ್ದು ಅಪ್ಪ ಎರ್ರೆಪ್ಪ. ಅದರ ಜೊತೆಗೆ ಒಂದು ಸುಳ್ಳನ್ನೂ ಕಲಿಸಿ ಸತ್ತ. "ಮುಂದ ಹಿಡಿದ್ರ ಮೂತಿ ಮುರಿತೈತಿ, ಹಿಂದ ಹಿಡಿದ್ರ ಮನಿ ಸೇರ್ತಿ." ಅದಿರು ಲಾರಿ ಓಡಿಸುವಾಗ ಅವನೂ ಅವನ ಜೊತೆಗಾರರೂ ಮುಂದಿನ ಗಾಲಿಗಳ ಬ್ರೇಕನ್ನೇ ಕಟ್ ಮಾಡಿಸಿಬಿಡುತ್ತಿದ್ದರು. ಘಾಟಿನಲ್ಲಿ ಜೋರಾಗಿ ತುಳಿದರೆ ಸ್ಟೇರಿಂಗ್ ಒಂದು ಕಡೆ ಎಳೆದು ಲಾರಿ ಮಗುಚುತ್ತದೆಂಬ ಭಯ. ಹಾಗೆ ಮಾಡಿಯೂ ಎಷ್ಟು ಲಾರಿ ಕಣಿವೆಗೆ ಬಿದ್ದವೆಂದು ಯಾರೂ ಕೇಳಲಿಲ್ಲ. ಮಾಲೀಕರಿಗೆ ಲೋಡು ಮುಟ್ಟಿದರೆ ಸಾಕಿತ್ತು.

ವಿರುಪಮ್ಮನಿಗೆ ಈಗ ನಲವತ್ತಾರು. ಹದಿನಾರಕ್ಕೇ ಗಣಿಯಲ್ಲಿ ಬುಟ್ಟಿ ಹೊತ್ತವಳು. ಗಣಿ ಮುಚ್ಚಿ, ಅಗೆದು ಹಾಕಿದ ಗುಡ್ಡಕ್ಕೆ ಸಸಿ ನೆಡುವ ಕೆಲಸ ಬಂದಾಗ ಹಳೆಯ ಜೀಪೊಂದನ್ನು ಕೊಂಡಳು. ಬೆಳಿಗ್ಗೆ ಸಂಡೂರಿನಿಂದ ಎಂಟು ಹೆಂಗಸರನ್ನು ದೋಣಿಮಲೈ ಆಚೆಗೆ ಹತ್ತಿಸುವುದು, ಸಂಜೆ ಇಳಿಸಿ ತರುವುದು.

ಮಳೆಗಾಲಕ್ಕೆ ಮುಂಚೆ ಬ್ರೇಕು ಸೋತಂತೆ ಕಂಡಿತು. ಹೊಸಪೇಟೆಯ ಜಂಬುನಾಥನ ಶೆಡ್ಡಿಗೆ ಒಯ್ದು, "ಹಿಂದಿನ ಗಾಲಿಗೆ ಜೋರು ಕೊಡು" ಎಂದಳು. ಮೆಕ್ಯಾನಿಕ್ ಜಂಬುನಾಥ ಗೊಣಗಿದ. ಆದರೂ ಹಿಂದಕ್ಕೆ ಬ್ರೇಕಿನ ದೊಡ್ಡ ಸಿಲಿಂಡರ್ ಕೂರಿಸಿಕೊಟ್ಟ.

ಮೊದಲ ಮಳೆಗೇ ಘಾಟಿನ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ತುಳಿದಳು. ಹಿಂದಿನ ಗಾಲಿಗಳು ಬಿಗಿದು ಜಾರಿದವು. ಬಾಲ ಗಿರ್ರನೆ ಸುತ್ತಿ, ಜೀಪು ಬಂದ ದಾರಿಗೇ ಮುಖ ಮಾಡಿ ಚರಂಡಿಯ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಎಂಟು ಜನರಲ್ಲಿ ಹಿರಿಯಳಾದ ಮುದುಕಮ್ಮನ ಮೊಣಕೈ ಮಾತ್ರ ತರಚಿಹೋಯಿತು.

"ನಿನ್ನ ಜೀಪಿಗೆ ಕುಂಡಿ ಕುಣಿಸೋ ಚಟ ಐತಿ. ಇನ್ನ ನಾವು ಹತ್ತಂಗಿಲ್ಲ" ಎಂದಳು ಮುದುಕಮ್ಮ.

ಮರುದಿನದಿಂದ ಎಂಟೂ ಜನ ಟಿಪ್ಪರಿನ ಬೆನ್ನಿಗೆ ನಿಂತು ಹೋದರು. ಮಣ್ಣು ಸುರಿಯುವ ಗಾಡಿಗೆ ಮನುಷ್ಯರನ್ನೂ ತುಂಬುವುದು ಈ ಊರಿಗೆ ಹೊಸದೇನಲ್ಲ. ಒಂದು ಹಳ್ಳಕ್ಕೆ ಎಗರಿದರೆ ಹಿಡಿಯಲು ಏನೂ ಇಲ್ಲ. ವಿರುಪಮ್ಮ ಜೀಪನ್ನು ಮತ್ತೆ ಶೆಡ್ಡಿಗೆ ಒಯ್ದಳು.

"ಏನ್ ಮಾಡಿಟ್ಟೀಯಲೇ ಜಂಬುನಾಥ?"

"ನೀ ಹೇಳಿದ್ದ ಮಾಡೀನಕ್ಕಾ. ಹೇಳಿದ್ದು ಮಾಡಿದ್ದ ನನ್ನ ತಪ್ಪು." ಅವನು ಕೈ ಒರೆಸಿಕೊಂಡ. "ಒಂದು ಹೇಳು. ಬುಟ್ಟಿ ಹೊತ್ಕಂಡು ಗುಡ್ಡ ಇಳಿವಾಗ ಗಕ್ಕನ ನಿಂತ್ರ ಭಾರ ಎಲ್ಲಿ ಬೀಳ್ತಿತ್ತು?"

ಅವಳು ಯೋಚಿಸಬೇಕಾಗಲಿಲ್ಲ. ಹೆಬ್ಬೆರಳ ಉಗುರು ಎರಡು ಸಲ ಕಪ್ಪಾಗಿ ಉದುರಿತ್ತು. "ತುದಿಬೆರಳಿಗೆ."

"ಹಿಮ್ಮಡಿ?"

"ಹಗುರ. ನೆಲಾನೇ ಬಿಡ್ತಿತ್ತು."

"ಆ ಹಗುರ ಹಿಮ್ಮಡಿಗೆ ಜೋರು ಕೊಟ್ಟು ಕುಂತೀವಿ ನಾವಿಬ್ರೂ. ಜಾರದ ಏನ್ ಮಾಡ್ತೈತಿ?"

ವಿರುಪಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅಪ್ಪನ ಮಾತನ್ನು ಮೂವತ್ತು ವರ್ಷ ತಲೆಯಲ್ಲಿ ಹೊತ್ತಿದ್ದಳು, ನಿಜ ಕಾಲ್ಬೆರಳಲ್ಲೇ ಇತ್ತು.

ಕೆಲಸ ಮೂರು ದಿನ ಹಿಡಿಯಿತು. ಮುಂದಿನ ಗಾಲಿಗಳಿಗೆ ಹೊಸ ಡಿಸ್ಕು, ಅದಕ್ಕೆ ತಕ್ಕಂತೆ ಎಣ್ಣೆ ತಳ್ಳುವ ದೊಡ್ಡ ಸಿಲಿಂಡರು. ಹಿಂದಕ್ಕೆ ಮೊದಲಿನ ಸಣ್ಣವೇ. ಹಿಂದೆ ಹೋಗುವ ಎಣ್ಣೆಯ ಪೈಪಿಗೆ ತಿರುಪಿನ ವಾಲ್ವೊಂದನ್ನು ಕೂರಿಸಿದ. ಬಿಗಿ ಮಾಡಿದಷ್ಟೂ ಹಿಂದಿನ ಜೋರು ಕಡಿಮೆ.

ಭಾನುವಾರ ಸಂಡೂರಿನ ಪಾಳು ಅದಿರು ಯಾರ್ಡಿನಲ್ಲಿ ಪರೀಕ್ಷೆ. ನೋಡಲು ಬರ್ರಿ ಎಂದು ಎಲ್ಲರನ್ನೂ ಕರೆದಿದ್ದಳು. ಬಂದವಳು ಮುದುಕಮ್ಮ ಒಬ್ಬಳೇ.

"ಖಾಲಿ ಜೀಪ್ಯಾಕ?"

"ಖಾಲಿ ಇದ್ದಾಗಲೇ ಬಾಲ ಹಗುರ, ಅವಾಗಲೇ ಜಾರೋದು" ಎಂದ ಜಂಬುನಾಥ. "ಇದರಾಗ ನೆಟ್ಟಗ ನಿಂತ್ರ ನೀವು ಕುಂತಾಗ ಚಿಂತಿಲ್ಲ."

ವಿರುಪಮ್ಮ ಜೋರಾಗಿ ಓಡಿಸಿ ಬ್ರೇಕು ತುಳಿದಳು. ಮೊದಲ ಸಲ ಹಿಂದಿನ ಗಾಲಿ ಮೊದಲು ಬಿಗಿದು ಬಾಲ ಹೊರಳಿತು. ಜಂಬುನಾಥ ವಾಲ್ವನ್ನು ಅರ್ಧ ಸುತ್ತು ಬಿಗಿ ಮಾಡಿದ. ಎರಡನೇ ಸಲ ಕೊಂಚ ಹೊರಳಿತು. ಮೂರನೇ ಸಲ ಮುಂದಿನವು ಮೊದಲು ಬಿಗಿದವು, ಜೀಪು ಗೆರೆ ಎಳೆದಂತೆ ನಿಂತಿತು.

"ಇನ್ನೊಂಚೂರು ಬಿಗಿ ಮಾಡು" ಎಂದಳು ವಿರುಪಮ್ಮ.

"ಬ್ಯಾಡ. ಹಿಂದಿನವು ಸೋಮಾರಿ ಆಗ್ತಾವ. ಅವೂ ದುಡೀಬೇಕು."

"ಮತ್ತೊಮ್ಮಿ ಮಾಡು" ಎಂದಳು ಮುದುಕಮ್ಮ. ಹಾಗೆ ಏಳು ಸಲ ಮಾಡಿಸಿದಳು. ಏಳು ಸಲವೂ ಕೆಂಪು ನೆಲದ ಮೇಲಿನ ಗುರುತನ್ನು ಬಗ್ಗಿ ನೋಡಿದಳು.

ಸೋಮವಾರ ಮುದುಕಮ್ಮ ನಾಲ್ವರನ್ನು ಕರೆದುಕೊಂಡು ಬಂದು ಹತ್ತಿದಳು. ಉಳಿದ ಮೂವರು ಟಿಪ್ಪರಿಗೇ ಹೋದರು.

ಸಂಜೆ ಇಳಿಯುವಾಗ ಜಿಟಿಜಿಟಿ ಮಳೆ. ಅದೇ ತಿರುವು. ತಿರುಗುತ್ತಲೇ ಎದುರಿಗೆ ಟಯರು ಒಡೆದು ರಸ್ತೆಗೆ ಅಡ್ಡ ನಿಂತ ಟಿಪ್ಪರು. ಅಪ್ಪನ ಮಾತು ಒಂದು ಕ್ಷಣ ಪಾದ ಹಿಡಿಯಿತು. ತುಳಿದೇಬಿಟ್ಟಳು. ಜೀಪು ಮೂತಿ ತಗ್ಗಿಸಿ, ಬಾಲ ಅಲ್ಲಾಡಿಸದೆ, ಟಿಪ್ಪರಿಗೆ ಎರಡು ಮಾರು ದೂರದಲ್ಲಿ ನಿಂತಿತು. ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬಿದ್ದರು.

"ಏ ವಿರುಪಿ, ಹೇಳಿ ನಿಲ್ಸಾಕ ಬರಂಗಿಲ್ಲೇನು? ಎಲಿ ಅಡಿಕಿ ಎಲ್ಲಾ ಚೆಲ್ತು!" ಹಿಂದಿನಿಂದ ಒಬ್ಬಳು ಬೈದಳು.

ವಿರುಪಮ್ಮ ನಕ್ಕಳು.

ಟಿಪ್ಪರಿನ ಮೇಲೆ ಆ ಮೂವರು ನೆನೆಯುತ್ತ ನಿಂತಿದ್ದರು. ಮುದುಕಮ್ಮ ಜೀಪಿನಿಂದ ತಲೆ ಹೊರಹಾಕಿ ಕೂಗಿದಳು: "ಏನ್ ನೋಡ್ತೀರಲೇ ಅಲ್ಲಿ ನಿಂತು? ಇಳ್ದು ಬರ್ರಿ ಜಲ್ದಿ, ಜಾಗ ಐತಿ!"